ಮಾತ್ರೆಯಲ್ಲಿ ಮರಳಿದ ವಾಸನೆ ಸ್ಪ್ರೇಯಲ್ಲಿ ಏಕೆ ಮರಳುತ್ತಿಲ್ಲ?

ಇಂಗು_ತೆಂಗು · ಸೋಮವಾರ ರಾತ್ರಿ 9.40

ನನಗೆ 41 ವರ್ಷ, ತುಮಕೂರಿನ ಕಡೆಯವಳು. ಎರಡು ವರ್ಷದಿಂದ ಕಟ್ಟಿದ ಮೂಗು ಬಿಟ್ಟಿಲ್ಲ. ಮಳೆಗಾಲದಲ್ಲಿ ನೆಗಡಿ ಎಂದುಕೊಂಡೆ, ಬೇಸಿಗೆಯಲ್ಲಿ ಧೂಳು ಎಂದುಕೊಂಡೆ, ಅಷ್ಟರಲ್ಲಿ ವಾಸನೆಯೇ ಹೋಗಿತ್ತು. ಒಲೆಯ ಮೇಲೆ ಹಾಲು ಸೀದು ಪಾತ್ರೆ ಕಪ್ಪಾಗುತ್ತಿದ್ದಾಗ ನಾನು ಪಕ್ಕದಲ್ಲೇ ನಿಂತು ಈರುಳ್ಳಿ ಹೆಚ್ಚುತ್ತಿದ್ದೆ. ಮಗಳು ಮಹಡಿಯಿಂದ ಇಳಿದು ಬಂದು ಒಲೆ ಆರಿಸಿದಳು.

ಕಿವಿ-ಮೂಗು-ಗಂಟಲು ತಜ್ಞರು ನಳಿಕೆ ಹಾಕಿ ನೋಡಿ ಎರಡೂ ಹೊಳ್ಳೆಯಲ್ಲಿ ದುರ್ಮಾಂಸ ಬೆಳೆದಿದೆ ಎಂದರು. ಪ್ರೆಡ್ನಿಸೊಲೋನ್ ಮಾತ್ರೆ, ದಿನಕ್ಕೆ 30 ಮಿಲಿಗ್ರಾಂ, ಹತ್ತು ದಿನ. ನಾಲ್ಕನೆಯ ಬೆಳಗ್ಗೆ ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದವಳು ಅಲ್ಲೇ ಕುಳಿತು ಅತ್ತುಬಿಟ್ಟೆ. ವಾಸನೆ ಬಂದಿತ್ತು! ಎರಡು ತಿಂಗಳಿಗೆ ಅದು ಮತ್ತೆ ಮಾಯವಾಯಿತು. ಈಗ ಮೊಮೆಟಾಸೋನ್ ಸ್ಪ್ರೇ ಕೊಟ್ಟಿದ್ದಾರೆ, ಪ್ರತಿ ಹೊಳ್ಳೆಗೆ ಎರಡೆರಡು ಬಾರಿ, ಬೆಳಗ್ಗೆ ಮತ್ತು ರಾತ್ರಿ. ಹತ್ತು ದಿನವಾಯಿತು, ಏನೂ ಇಲ್ಲ. ಇದೂ ಸ್ಟಿರಾಯ್ಡ್, ಅದೂ ಸ್ಟಿರಾಯ್ಡ್. ಹಾಗಿದ್ದರೆ ಇದು ಏಕೆ ಕೆಲಸ ಮಾಡುತ್ತಿಲ್ಲ? ಇದರ ನಡುವೆ ‘ಸ್ಟಿರಾಯ್ಡ್ ಮುಟ್ಟಬೇಡ, ಮೂಳೆ ಪುಡಿಯಾಗುತ್ತದೆ’ ಎಂದು ಅತ್ತೆ ದಿನಕ್ಕೆರಡು ಸಲ ಹೇಳುತ್ತಾರೆ. ಅಂದರೆ ಸ್ಪ್ರೇ ಎಷ್ಟು ಬಾರಿಯೋ ಅವರೂ ಅಷ್ಟೇ ಬಾರಿ.

ಉಪ್ಪುನೀರು · ಸೋಮವಾರ ರಾತ್ರಿ 10.05

ನಿಮ್ಮ ಅತ್ತೆಯ ಮಾತಿನಲ್ಲಿ ಅರ್ಥವಿದೆ. ಸ್ಟಿರಾಯ್ಡ್ ರೋಗವನ್ನು ಗುಣಪಡಿಸುವುದಿಲ್ಲ, ಅದುಮಿಡುತ್ತದೆ. ನಾನು ಹದಿನೈದು ವರ್ಷದಿಂದ ಜಲನೇತಿ, ಅಂದರೆ ಉಪ್ಪುನೀರಿನಿಂದ ಮೂಗು ತೊಳೆಯುವುದನ್ನು, ಮಾಡುತ್ತಿದ್ದೇನೆ. ಒಂದು ಮಾತ್ರೆಯನ್ನೂ ನುಂಗಿಲ್ಲ.

ಹೊಸಬ_27 · ಸೋಮವಾರ ರಾತ್ರಿ 10.12

ವ್ಯಾಯಾಮ ಶಾಲೆಯಲ್ಲಿ ಕೆಲವರು ಚುಚ್ಚಿಸಿಕೊಳ್ಳುತ್ತಾರಲ್ಲ, ಅದೇ ಸ್ಟಿರಾಯ್ಡೇ ಇದು?

ಔಷಧದಂಗಡಿ · ಸೋಮವಾರ ರಾತ್ರಿ 10.20

ಅಲ್ಲ. ಅದು ಟೆಸ್ಟೊಸ್ಟೆರಾನ್ ಬಳಗದ್ದು, ಸ್ನಾಯು ಬೆಳೆಸುತ್ತದೆ. ಇದು ದೇಹದ್ದೇ ಹಾರ್ಮೋನಾದ ಕಾರ್ಟಿಸಾಲ್‌ನ ಬಳಗದ್ದು, ಹೆಚ್ಚು ದಿನ ನುಂಗಿದರೆ ಸ್ನಾಯುವನ್ನು ಕರಗಿಸುತ್ತದೆ. ಅಣುವಿನ ಚೌಕಟ್ಟು ಒಂದೇ ಆದ್ದರಿಂದ ಮನೆತನದ ಹೆಸರು ಒಂದೇ ಆಯಿತು, ಅಷ್ಟೆ.

ಕಿಮೂಗ_ವೈದ್ಯ · ಮಂಗಳವಾರ ಬೆಳಗ್ಗೆ 6.15

ರಾತ್ರಿಯ ಕರ್ತವ್ಯ ಮುಗಿಸಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ.

‘ಡಾಕ್ಟರೇ, ನನಗೆ ಸೈನಸ್ ಇದೆ’ ಎಂದು ಬರುವವರಿಗೆಲ್ಲ ‘ನನಗೂ ಇದೆ, ನಾಲ್ಕು ಜೊತೆ’ ಎನ್ನಬೇಕೆನಿಸುತ್ತದೆ. ಸೈನಸ್ ಎಂದರೆ ರೋಗವಲ್ಲ, ಕೆನ್ನೆ, ಹಣೆ, ಕಣ್ಣುಗಳ ನಡುವೆ ಮತ್ತು ಮೂಗಿನ ಹಿಂದೆ ಆಳದಲ್ಲಿರುವ ಗಾಳಿಯ ಕೋಣೆಗಳು. ಅವು ಮೂಗಿಗೆ ತೆರೆದುಕೊಳ್ಳುವ ಕಿಂಡಿ ಕೆಲವೇ ಮಿಲಿಮೀಟರ್ ಅಗಲ. ಒಳಗೋಡೆಯ ತೆಳು ಪೊರೆಯಲ್ಲಿ ಕಣ್ಣಿಗೆ ಕಾಣದ ಕೂದಲುಗಳಿದ್ದು ಲೋಳೆಯನ್ನು ಆ ಕಿಂಡಿಯ ಕಡೆಗೆ ಸದಾ ಗುಡಿಸುತ್ತಿರುತ್ತವೆ. ಪೊರೆ ಊದಿಕೊಂಡರೆ ಮೊದಲು ಮುಚ್ಚುವುದು ಕಿಂಡಿಯೇ. ಮೂಗು ಕಟ್ಟುವುದು, ಸಿಂಬಳ ಗಂಟಲಿಗಿಳಿಯುವುದು, ಮುಖ ಭಾರವಾಗುವುದು, ವಾಸನೆ ಹೋಗುವುದು, ಇವುಗಳಲ್ಲಿ ಎರಡಾದರೂ 12 ವಾರ ಮೀರಿ ಉಳಿದು, ನಳಿಕೆಯಲ್ಲೋ ಸಿಟಿ ಸ್ಕ್ಯಾನ್‌ನಲ್ಲೋ ಊತ ಕಂಡರೆ ಅದನ್ನು ದೀರ್ಘಕಾಲದ ಸೈನಸ್ ಉರಿಯೂತ ಎನ್ನುತ್ತೇವೆ.

ಇಷ್ಟು ದೀರ್ಘವಾದ ಮೇಲೆ ಕತೆಯ ಮುಖ್ಯ ಪಾತ್ರಧಾರಿ ಸಾಮಾನ್ಯವಾಗಿ ರೋಗಾಣುವಲ್ಲ. ಪೊರೆಯೇ ಸುಮ್ಮನಾಗಲು ಮರೆತಿರುತ್ತದೆ. ವರ್ಷಕ್ಕೆ ಐದು ಸಲ ಆ್ಯಂಟಿಬಯೋಟಿಕ್ ನುಂಗಿ ‘ಗುಣವಾಗಲಿಲ್ಲ’ ಎಂದು ಬರುವವರಿಗೆ ಇದನ್ನೇ ವಿವರಿಸಿ ವಿವರಿಸಿ ನನ್ನ ಗಂಟಲು ಕಟ್ಟಿದೆ.

ಮದುವೆ ಮನೆಯೊಂದನ್ನು ನೆನೆಯಿರಿ. ಲಗ್ನಪತ್ರಿಕೆ ಅಚ್ಚಾಗುತ್ತಲೇ ಇದೆ, ಹಂಚಿಕೆಯಾಗುತ್ತಲೇ ಇದೆ, ನೆಂಟರು ಬರುತ್ತಲೇ ಇದ್ದಾರೆ. ಬಂದವರು ಏಳುತ್ತಿಲ್ಲ. ದುರ್ಮಾಂಸ ಬೆಳೆದ ಮೂಗಿನಲ್ಲಿ ಆ ನೆಂಟರು ಹೆಚ್ಚಾಗಿ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು. ಪತ್ರಿಕೆಗಳೆಂದರೆ ಇಂಟರ್‌ಲ್ಯೂಕಿನ್-4, 5, 13 ಎಂಬ ಸಂದೇಶದ ಪ್ರೋಟೀನುಗಳು. 5ನೆಯದು ನೆಂಟರಿಗೆ ಕೂತಲ್ಲೇ ಊಟ ಬಡಿಸಿ ಬದುಕಿಸಿಡುತ್ತದೆ. ನೆಂಟರು ಉಗುಳುವ ವಿಷವಸ್ತುಗಳಿಂದ ಪೊರೆ ಕೆಡುತ್ತದೆ, ರಕ್ತನಾಳಗಳು ಸೋರುತ್ತವೆ, ಸೋರಿದ ದ್ರವ ತುಂಬಿ ಪೊರೆ ಜೋತುಬೀಳುತ್ತದೆ. ಸಿಪ್ಪೆ ಸುಲಿದ ದ್ರಾಕ್ಷಿಯಂತೆ ಕಾಣುವ ಆ ಜೋತ ಪೊರೆಯೇ ದುರ್ಮಾಂಸ.

ಈಗ ಸ್ಟಿರಾಯ್ಡ್ ಬರಲಿ. ಅದು ಕೊಬ್ಬಿನಲ್ಲಿ ಕರಗುವ ಅಣು, ಜೀವಕೋಶದ ಗೋಡೆಯನ್ನು ಬಾಗಿಲು ತಟ್ಟದೆ ದಾಟುತ್ತದೆ. ಒಳಗೆ ಅದಕ್ಕಾಗಿಯೇ ಕಾದು ಕುಳಿತ ಗ್ರಾಹಕ ಪ್ರೋಟೀನು ಒಂದಿದೆ. ಎರಡೂ ಕೂಡಿ ಕೋಶಕೇಂದ್ರಕ್ಕೆ, ಅಂದರೆ ಪತ್ರಿಕೆ ಅಚ್ಚಾಗುವ ಮುದ್ರಣಾಲಯಕ್ಕೇ ಹೋಗುತ್ತವೆ. ಅಲ್ಲಿ ಎನ್‌ಎಫ್-ಕಪ್ಪಾ-ಬಿ ಎಂಬ ಮೇಸ್ತ್ರಿ ಉರಿಯೂತದ ವಂಶವಾಹಿಗಳನ್ನು ಓಡಿಸುತ್ತಿರುತ್ತಾನೆ. ಸ್ಟಿರಾಯ್ಡ್ ಅವನ ಕೈ ಹಿಡಿದು ಯಂತ್ರ ನಿಲ್ಲಿಸುತ್ತದೆ, ಜೊತೆಗೆ ಉರಿಯೂತ ಶಮನದ ಪ್ರೋಟೀನುಗಳನ್ನು ಅಚ್ಚುಹಾಕಿಸುತ್ತದೆ. ಅದು ನೆಂಟರ ಕುತ್ತಿಗೆ ಹಿಡಿದು ಹೊರದಬ್ಬುವುದಿಲ್ಲ. ಹೊಸ ಪತ್ರಿಕೆ ಹೋಗುವುದಿಲ್ಲ, ಬಡಿಸುವವರಿಲ್ಲ, ಇಯೊಸಿನೊಫಿಲ್‌ಗಳು ತಾವಾಗಿ ಸಾಯುತ್ತವೆ. ನಾಳಗಳ ಸೋರಿಕೆ, ಲೋಳೆಯ ಉತ್ಪತ್ತಿ ಇಳಿಯುತ್ತವೆ. ಅಚ್ಚು ನಿಲ್ಲುವುದಕ್ಕೇ ಗಂಟೆಗಳು ಬೇಕು, ಆದರೆ ಈಗಾಗಲೇ ಹಂಚಿದ ಪತ್ರಿಕೆ ಮುಗಿದು ಚಪ್ಪರ ಖಾಲಿಯಾಗಲು ವಾರಗಳು ಬೇಕು. ಸ್ಪ್ರೇಯನ್ನು ಎಂಟರಿಂದ ಹನ್ನೆರಡು ವಾರ ಬಳಸದೆ ತೀರ್ಪು ಕೊಡಬಾರದು ಎನ್ನುವುದು ಅದಕ್ಕೇ.

ಇನ್ನು ಮಾತ್ರೆ ಮತ್ತು ಸ್ಪ್ರೇ. ಯಂತ್ರ ನಿಲ್ಲಿಸುವ ವಿಧಾನ ಒಂದೇ, ಮದ್ದು ಅಲ್ಲಿಗೆ ತಲಪುವ ದಾರಿ ಬೇರೆ. ಮಾತ್ರೆ ರಕ್ತದ ಮೂಲಕ ಸೈನಸ್‌ನ ಮೂಲೆಮೂಲೆಗೂ ಹೋಗುತ್ತದೆ. ನಮ್ಮ ದೇಹ ದಿನಕ್ಕೆ ತಾನೇ ತಯಾರಿಸುವ ಕಾರ್ಟಿಸಾಲ್ ಸುಮಾರು 5 ಮಿಲಿಗ್ರಾಂ ಪ್ರೆಡ್ನಿಸೊಲೋನ್‌ಗೆ ಸಮ. ನೀವು ನುಂಗಿದ್ದು ಅದರ ಆರು ಪಟ್ಟು. ಸ್ಪ್ರೇಯ ಒಂದು ಒತ್ತಿಗೆ 50 ಮೈಕ್ರೋಗ್ರಾಂ, ನಿಮ್ಮ ಎಂಟು ಒತ್ತು ಸೇರಿದರೂ 0.4 ಮಿಲಿಗ್ರಾಂ. ಅಣು ಬಲಶಾಲಿಯಾದ್ದರಿಂದ ಅಷ್ಟು ಸಾಕು, ಆದರೆ ಅದು ಮುಟ್ಟಿದ ಜಾಗದಲ್ಲಷ್ಟೇ ಕೆಲಸ. ವಾಸನೆಯ ನರಗಳಿರುವುದು ಮೂಗಿನ ಮಾಳಿಗೆಯಲ್ಲಿ, ಕಿರಿದಾದ ಸಂದಿಯಲ್ಲಿ. ದುರ್ಮಾಂಸ ಅಡ್ಡ ನಿಂತಿದ್ದರೆ ಹನಿಗಳು ಅಲ್ಲಿಗೆ ಏರುವುದಿಲ್ಲ. ಮುಂಬಾಗಿಲಲ್ಲಿ ಬಿದ್ದು, ಅಲ್ಲಿನ ಊತ ಇಳಿಸಿ, ಮೆಲ್ಲಗೆ ಹಿಂದಕ್ಕೆ ದಾರಿ ಮಾಡಿಕೊಳ್ಳಬೇಕು.

ಇಂಗು_ತೆಂಗು · ಮಂಗಳವಾರ ಬೆಳಗ್ಗೆ 8.30

ಮುದ್ರಣಾಲಯದ ಮಾತು ಅತ್ತೆಗೂ ಓದಿ ಹೇಳಿದೆ. ‘ಹಾಗಾದರೆ ಮಾತ್ರೆಯನ್ನೇ ದಿನಾ ನುಂಗು’ ಎಂದರು! ನಿಜಕ್ಕೂ, ಏಕೆ ನುಂಗಬಾರದು?

ಕಾಗದದ_ದೋಣಿ · ಮಂಗಳವಾರ ಬೆಳಗ್ಗೆ 9.10

ದಯವಿಟ್ಟು ಬೇಡ. ನಮ್ಮ ಚಿಕ್ಕಪ್ಪನಿಗೂ ಇದೇ ಕಾಯಿಲೆ. ಒಮ್ಮೆ ಬರೆದುಕೊಟ್ಟ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು, ಮೂಗು ಕಟ್ಟಿದಾಗಲೆಲ್ಲ ಅದೇ ಮಾತ್ರೆ ತಂದು ನುಂಗುತ್ತಿದ್ದರು. ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಮುಖ ಗುಂಡಗಾಯಿತು, ಸಕ್ಕರೆ ಕಾಯಿಲೆ ಶುರುವಾಯಿತು, ಆಮೇಲೆ ಸೊಂಟದ ಕೀಲು ನೋವು. ಎಂಆರ್‌ಐ ಮಾಡಿದಾಗ ತೊಡೆಮೂಳೆಯ ತಲೆಗೆ ರಕ್ತ ಸಂಚಾರ ನಿಂತು ಮೂಳೆ ಸತ್ತಿದೆ ಎಂದರು. 52ನೆಯ ವಯಸ್ಸಿಗೆ ಕೀಲು ಬದಲಾಯಿಸಿದ್ದಾಯಿತು. ಮೂಗು ಇಂದಿಗೂ ಕಟ್ಟಿದೆ.

ಕಿಮೂಗ_ವೈದ್ಯ · ಮಂಗಳವಾರ ಮಧ್ಯಾಹ್ನ 1.50

ಅತ್ತೆಯ ಹೆದರಿಕೆಗೆ ಆಧಾರವಿದೆ, ಆದರೆ ಅದು ಸ್ಪ್ರೇಯ ಬಗ್ಗೆ ಅಲ್ಲ, ಮಾತ್ರೆಯ ಬಗ್ಗೆ. ಆ ಗ್ರಾಹಕ ಪ್ರೋಟೀನು ಮೂಗಿನಲ್ಲಷ್ಟೇ ಇಲ್ಲ, ದೇಹದ ಬಹುತೇಕ ಎಲ್ಲ ಕೋಶಗಳಲ್ಲೂ ಇದೆ. ಯಕೃತ್ತಿಗೆ ಹೋದರೆ ಸಕ್ಕರೆ ತಯಾರಿಸು ಎನ್ನುತ್ತದೆ. ಮೂಳೆ ಕಟ್ಟುವ ಕೋಶಕ್ಕೆ ಕೆಲಸ ನಿಲ್ಲಿಸು ಎನ್ನುತ್ತದೆ. ರಕ್ತದೊತ್ತಡ ಏರಬಹುದು, ಕಣ್ಣಿನಲ್ಲಿ ಒತ್ತಡ ಮತ್ತು ಪೊರೆ ಬರಬಹುದು, ಸೋಂಕು ತಡೆಯುವ ಶಕ್ತಿ ಕುಗ್ಗುತ್ತದೆ. ಹೊರಗಿನಿಂದ ಇಷ್ಟು ಬರುತ್ತಿದೆಯಲ್ಲ ಎಂದು ಮೂತ್ರಪಿಂಡದ ಮೇಲೆ ಕುಳಿತ ಅಡ್ರಿನಲ್ ಗ್ರಂಥಿ ತನ್ನ ಅಂಗಡಿ ಮುಚ್ಚಿಬಿಡುತ್ತದೆ. ಮೂರು ವಾರ ಮೀರಿ ನುಂಗಿದವರು ತಟ್ಟನೆ ನಿಲ್ಲಿಸಬಾರದು ಎನ್ನುವುದು ಅದಕ್ಕೇ.

2021ರಲ್ಲಿ ಕೋವಿಡ್ ಎರಡನೆಯ ಅಲೆಯ ಹಿಂದೆಯೇ ಬಂದ ಕಪ್ಪು ಶಿಲೀಂಧ್ರವನ್ನು ನೆನಪಿಸಿಕೊಳ್ಳಿ. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯ ಜೊತೆಗೆ ಸ್ಟಿರಾಯ್ಡ್ ಸೇರಿದವರಲ್ಲಿ ಆ ಬೂಷ್ಟು ಸೈನಸ್ಸಿನಿಂದ ಕಣ್ಣಿಗೆ, ಕಣ್ಣಿನಿಂದ ಮಿದುಳಿಗೆ ಏರಿತು. ಆ ತಿಂಗಳುಗಳಲ್ಲಿ ಕರ್ನಾಟಕದ ನಮ್ಮ ವೃತ್ತಿಯವರು ತೆಗೆದ ಕಣ್ಣುಗಳನ್ನು ನಾವು ಮರೆಯುವಂತಿಲ್ಲ. ಸ್ಟಿರಾಯ್ಡ್ ಇಲ್ಲದೆ ಕೋವಿಡ್‌ನಲ್ಲಿ ಎಷ್ಟೋ ಮಂದಿ ಬದುಕುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ.

ಅದರ ಮೇಲೆ ಮಾತ್ರೆಯ ಲಾಭ ಬಹುಕಾಲ ಉಳಿಯುವುದಿಲ್ಲ. ನಿಮಗೆ ಎರಡು ತಿಂಗಳಲ್ಲಿ ಹೋಯಿತು. ಮೂರರಿಂದ ಆರು ತಿಂಗಳಾದ ಮೇಲೆ ನೋಡಿದರೆ ನುಂಗಿದವರಿಗೂ ನುಂಗದವರಿಗೂ ಹೆಚ್ಚು ವ್ಯತ್ಯಾಸ ಉಳಿಯುವುದಿಲ್ಲ. ಆದ್ದರಿಂದಲೇ ವರ್ಷಕ್ಕೆ ಒಂದು, ಹೆಚ್ಚೆಂದರೆ ಎರಡು ಸಲ, ಅದೂ ಸ್ಪ್ರೇಯ ಜೊತೆಗೆ. ಬೆಳಗ್ಗೆ ತಿಂಡಿಯಾದ ಮೇಲೆ ನುಂಗಬೇಕು, ಏಕೆಂದರೆ ದೇಹದ ಕಾರ್ಟಿಸಾಲ್ ಸಹ ಬೆಳಗ್ಗೆಯೇ ಏರುವುದು.

ಇಂಗು_ತೆಂಗು · ಮಂಗಳವಾರ ಮಧ್ಯಾಹ್ನ 2.15

ಬೆಳಗ್ಗೆಯೇ ಎಂದು ನನಗೆ ಯಾರೂ ಹೇಳಿರಲಿಲ್ಲ. ರಾತ್ರಿ ಊಟದ ಮೇಲೆ ನುಂಗುತ್ತಿದ್ದೆ. ಆ ಹತ್ತು ದಿನದಲ್ಲಿ ನಡುರಾತ್ರಿ ಎರಡು ಗಂಟೆಗೆ ಎದ್ದು ಅಟ್ಟ ಗುಡಿಸಿದ್ದೇನೆ. ವಾಸನೆ ಬಂದ ಖುಷಿಗೆ ನಿದ್ದೆ ಬರುತ್ತಿಲ್ಲ ಎಂದುಕೊಂಡಿದ್ದೆ.

ಔಷಧದಂಗಡಿ · ಮಂಗಳವಾರ ಸಂಜೆ 7.30

ನಾನು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಕಂಡದ್ದು ಹೇಳುತ್ತೇನೆ. ಜನ ಕೇಳುವುದು ‘ಮೂಗು ತಕ್ಷಣ ಬಿಡುವ ಹನಿ’. ಅದು ಝೈಲೊಮೆಟಜೊಲಿನ್ ಅಥವಾ ಆಕ್ಸಿಮೆಟಜೊಲಿನ್. ರಕ್ತನಾಳಗಳನ್ನು ಹಿಂಡಿ ಐದೇ ನಿಮಿಷದಲ್ಲಿ ದಾರಿ ಬಿಡಿಸುತ್ತದೆ, ಉರಿಯೂತವನ್ನು ಮುಟ್ಟುವುದೇ ಇಲ್ಲ. ಐದು ದಿನ ಮೀರಿ ಹಾಕಿದರೆ ಹನಿಯ ಪ್ರಭಾವ ಇಳಿದ ಕೂಡಲೇ ಮೂಗು ಮೊದಲಿಗಿಂತ ಹೆಚ್ಚು ಕಟ್ಟುತ್ತದೆ, ಮತ್ತೆ ಹನಿ, ಮತ್ತೆ ಕಟ್ಟು. ದಿಂಬಿನ ಕೆಳಗೆ ಸೀಸೆ ಇಟ್ಟುಕೊಂಡು ವರ್ಷಗಟ್ಟಲೆ ಬದುಕುವವರನ್ನು ಬಲ್ಲೆ. ಸ್ಟಿರಾಯ್ಡ್ ಸ್ಪ್ರೇ ಇದಕ್ಕೆ ತೀರಾ ವಿರುದ್ಧ. ಹಾಕಿದಾಗ ಏನೂ ಅನಿಸುವುದಿಲ್ಲ. ಅದಕ್ಕೇ ಜನ ಎರಡನೆಯ ವಾರಕ್ಕೆ ಬಿಡುತ್ತಾರೆ.

ರಕ್ತಕ್ಕೆ ಸೇರುವ ಪಾಲು ಎಲ್ಲ ಸ್ಪ್ರೇಗಳಲ್ಲೂ ಒಂದೇ ಅಲ್ಲ. ಹಳೆಯ ಬೆಕ್ಲೊಮೆಟಾಸೋನ್‌ನಲ್ಲಿ ಅದು ಸುಮಾರು 44 ಪ್ರತಿಶತ, ಬುಡೆಸೊನೈಡ್‌ನಲ್ಲಿ ಸುಮಾರು ಮೂರನೆಯ ಒಂದು ಭಾಗ. ಫ್ಲುಟಿಕಾಸೋನ್ ಪ್ರೊಪಿಯೊನೇಟ್‌ನಲ್ಲಿ 2 ಪ್ರತಿಶತಕ್ಕಿಂತ ಕಡಿಮೆ, ಮೊಮೆಟಾಸೋನ್‌ನಲ್ಲಿ 1ಕ್ಕಿಂತ ಕಡಿಮೆ. ಸ್ಪ್ರೇಯ ಬಹುಪಾಲು ಹೇಗೂ ಗಂಟಲಿಗಿಳಿದು ಹೊಟ್ಟೆ ಸೇರುತ್ತದೆ, ಆದರೆ ಯಕೃತ್ತು ಅದನ್ನು ಮೊದಲ ಸುತ್ತಿನಲ್ಲೇ ಮುರಿದು ಹಾಕುತ್ತದೆ. ನಿಮ್ಮ ಅತ್ತೆಗೆ ಇದನ್ನು ಹೇಳಿ.

ಒಂದು ಪ್ರಶ್ನೆ. ಸ್ಪ್ರೇ ಹೇಗೆ ಹಾಕುತ್ತೀರಿ?

ಇಂಗು_ತೆಂಗು · ಮಂಗಳವಾರ ಸಂಜೆ 7.50

ತಲೆ ಮೇಲೆತ್ತಿ, ಸೂರು ನೋಡುತ್ತಾ, ಒತ್ತಿದ ಕೂಡಲೇ ಜೋರಾಗಿ ಎಳೆದುಕೊಳ್ಳುತ್ತೇನೆ. ಗಂಟಲಲ್ಲಿ ಒಂದು ತರಹದ ರುಚಿ ಬಂದರೆ ಒಳಗೆ ಹೋಯಿತು ಎಂದು ಸಮಾಧಾನ.

ಔಷಧದಂಗಡಿ · ಮಂಗಳವಾರ ಸಂಜೆ 8.05

ಹಾಗಿದ್ದರೆ ಹತ್ತು ದಿನ ನಿಮ್ಮ ಗಂಟಲಿಗೆ ಚಿಕಿತ್ಸೆಯಾಗಿದೆ.

ತಲೆಯನ್ನು ತುಸು ಮುಂದಕ್ಕೆ ಬಾಗಿಸಿ, ಪಾದ ನೋಡುವಂತೆ. ಬಲ ಹೊಳ್ಳೆಗೆ ಎಡಗೈ, ಎಡ ಹೊಳ್ಳೆಗೆ ಬಲಗೈ. ಆಗ ಮೊನೆ ತಾನಾಗಿ ಹೊರಕ್ಕೆ, ಅದೇ ಬದಿಯ ಕಿವಿಯ ಕಡೆಗೆ ತಿರುಗುತ್ತದೆ. ನಡುಗೋಡೆಗೆ ಗುರಿಯಿಟ್ಟರೆ ಅದು ಒಣಗಿ ರಕ್ತ ಬರುತ್ತದೆ. ಒತ್ತುವಾಗ ಹೂವು ಮೂಸಿದಷ್ಟೇ ಮೆಲ್ಲಗೆ ಉಸಿರೆಳೆಯಿರಿ. ಬಳಿಕ ಮೂಗು ಊದಿ ಹೊರಹಾಕಬೇಡಿ. ಸೀಸೆಯನ್ನು ಮೊದಲು ಕುಲುಕಲು ಮರೆಯಬೇಡಿ, ಮದ್ದು ತಳದಲ್ಲಿ ಕೂತಿರುತ್ತದೆ.

ಉಪ್ಪುನೀರು · ಬುಧವಾರ ಬೆಳಗ್ಗೆ 5.30

ಇಷ್ಟೆಲ್ಲ ಓದಿದ ಮೇಲೂ ನನ್ನ ಮಾತು ಅದೇ. ಅದುಮಿಡುವುದು ಗುಣವಲ್ಲ. ನಿಲ್ಲಿಸಿದರೆ ಮತ್ತೆ ಬರುತ್ತದೆ ಎಂದು ವೈದ್ಯರೇ ಒಪ್ಪಿದ್ದಾರೆ.

ಕಿಮೂಗ_ವೈದ್ಯ · ಬುಧವಾರ ಬೆಳಗ್ಗೆ 7.00

ಒಪ್ಪಿದ್ದೇನೆ. ರಕ್ತದೊತ್ತಡದ ಮಾತ್ರೆಯೂ ಅದುಮಿಡುತ್ತದೆ, ಕನ್ನಡಕವೂ ದೃಷ್ಟಿದೋಷವನ್ನು ಗುಣಪಡಿಸುವುದಿಲ್ಲ. ನೀವು ಹದಿನೈದು ವರ್ಷದಿಂದ ನೇತಿಯನ್ನು ಬಿಡದೆ ಮಾಡುತ್ತಿದ್ದೀರಲ್ಲ, ಬಿಟ್ಟರೆ ಏನಾಗುತ್ತದೆ?

ಉಪ್ಪುನೀರಿನ ಮೇಲೆ ನನಗೆ ತಕರಾರೇ ಇಲ್ಲ. ನಾನೇ ಎಲ್ಲರಿಗೂ ಬರೆದುಕೊಡುತ್ತೇನೆ. ಲೋಳೆ ಮತ್ತು ಒಣಗಿದ ಪದರ ತೊಳೆದುಹೋದ ಮೇಲೆ ಸ್ಪ್ರೇ ಪೊರೆಗೆ ನೇರವಾಗಿ ತಾಗುತ್ತದೆ. ಆದ್ದರಿಂದ ಮೊದಲು ನೀರು, ಹತ್ತು ನಿಮಿಷ ಬಿಟ್ಟು ಸ್ಪ್ರೇ. ಅದಲುಬದಲು ಮಾಡಿದರೆ ಮದ್ದು ತೊಟ್ಟಿಗೆ ಹೋಗುತ್ತದೆ. ಒಂದೇ ಎಚ್ಚರಿಕೆ: ನಲ್ಲಿಯ, ಬಾವಿಯ ನೀರು ಹಾಗೆಯೇ ಬೇಡ, ಕುದಿಸಿ ಆರಿಸಿದ್ದು ಬೇಕು. ಕೇರಳದಲ್ಲಿ ಈಚಿನ ವರ್ಷಗಳಲ್ಲಿ ಸುದ್ದಿಯಾದ ಮಿದುಳು ತಿನ್ನುವ ಅಮೀಬಾ ದೇಹ ಹೊಗುವುದು ಮೂಗಿನ ದಾರಿಯಿಂದಲೇ.

ಉಪ್ಪುನೀರು · ಬುಧವಾರ ಬೆಳಗ್ಗೆ 7.20

ಕುದಿಸಿಯೇ ಬಳಸುತ್ತೇನೆ. ಬಿಟ್ಟರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಉತ್ತರ ನಿಮಗೇ ಗೊತ್ತಿದೆ.

ಹಲ್ಲುನೋವಿನವ · ಬುಧವಾರ ಬೆಳಗ್ಗೆ 11.00

ನನ್ನದು ಬಲಗಡೆ ಮಾತ್ರ, ಕೊಳೆತ ವಾಸನೆಯ ಸಿಂಬಳ. ಆರು ತಿಂಗಳು ಸ್ಪ್ರೇ ಹೊಡೆದೆ. ಕೊನೆಗೆ ಸ್ಕ್ಯಾನ್‌ನಲ್ಲಿ ಮೇಲ್ದವಡೆಯ ಹಲ್ಲಿನ ಬೇರಿನ ಸೋಂಕು ಕೆನ್ನೆಯ ಸೈನಸ್ಸಿಗೆ ತೂತು ಕೊರೆದಿದ್ದು ಕಂಡಿತು. ಹಲ್ಲಿಗೆ ಚಿಕಿತ್ಸೆಯಾದ ಮೇಲೆ ಮೂಗು ಸರಿಹೋಯಿತು.

ಕಿಮೂಗ_ವೈದ್ಯ · ಬುಧವಾರ ಮಧ್ಯಾಹ್ನ 1.40

ಒಂದೇ ಬದಿ, ಕೆಟ್ಟ ವಾಸನೆ, ರಕ್ತ, ಈ ಮೂರರಲ್ಲಿ ಯಾವುದಿದ್ದರೂ ಸ್ಪ್ರೇ ಹಿಡಿದು ಕಾಯಬಾರದು, ಒಳಗೆ ಇಣುಕಿ ನೋಡಲೇಬೇಕು. ಗಡ್ಡೆಯೂ ಇರಬಹುದು. ಇಯೊಸಿನೊಫಿಲ್ ಬದಲು ನ್ಯೂಟ್ರೊಫಿಲ್ ಎಂಬ ಕಣಗಳು ತುಂಬಿದ ಉರಿಯೂತದಲ್ಲೂ ಸ್ಟಿರಾಯ್ಡ್ ಮಂಕು. ಆ ಕಣಗಳ ಆಯುಸ್ಸನ್ನು ಅದು ಕಡಿಮೆ ಮಾಡುವ ಬದಲು ಹೆಚ್ಚಿಸುತ್ತದೆ.

ನಿವೃತ್ತ_ಮೇಷ್ಟ್ರು · ಬುಧವಾರ ಸಂಜೆ 6.10

ಚರ್ಚೆಗೆ ಬಾಲಂಗೋಚಿ. 1948ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು ಸಂಧಿವಾತದಿಂದ ಹಾಸಿಗೆ ಹಿಡಿದಿದ್ದ ಯುವತಿಗೆ ಇದೇ ಬಳಗದ ಕಾರ್ಟಿಸೋನ್ ಎಂಬ ಸ್ಟಿರಾಯ್ಡ್ ಚುಚ್ಚಿದರು. ಕೆಲವೇ ದಿನಗಳಲ್ಲಿ ಆಕೆ ಎದ್ದು ಓಡಾಡಿದಳು. ಕಾಮಾಲೆ ಬಂದಾಗ, ಗರ್ಭ ಧರಿಸಿದಾಗ ಸಂಧಿವಾತ ತಾನಾಗಿ ತಗ್ಗುವುದನ್ನು ಹೆಂಚ್ ವರ್ಷಗಳ ಹಿಂದೆಯೇ ಗಮನಿಸಿ, ದೇಹವೇ ಏನೋ ಮದ್ದು ಮಾಡುತ್ತಿದೆ ಎಂದು ಊಹಿಸಿದ್ದರು. 1950ರಲ್ಲಿ, ಈ ಹಾರ್ಮೋನುಗಳನ್ನು ಬೇರ್ಪಡಿಸಿದ ರಸಾಯನ ವಿಜ್ಞಾನಿಗಳಾದ ಕೆಂಡಾಲ್, ರೈಖ್‌ಸ್ಟೈನ್ ಜೊತೆಗೆ ಹೆಂಚ್‌ಗೆ ನೊಬೆಲ್ ಬಂತು. ಅಷ್ಟರಲ್ಲೇ ಗುಂಡು ಮುಖ, ಕುಸಿದ ಮೂಳೆಗಳು ಸಹ ಕಾಣತೊಡಗಿದ್ದವು. ಪವಾಡ ಮತ್ತು ಅದರ ಬೆಲೆ ಎರಡೂ ಒಂದೇ ಬಂಡಿಯಲ್ಲಿ ಬಂದವು. ತಾಗಿದಲ್ಲಿ ಕೆಲಸ ಮಾಡಿ ರಕ್ತಕ್ಕೆ ಹೋಗುವ ಮೊದಲೇ ಸಾಯುವ ಅಣು ಬೇಕೆಂಬ ಹುಡುಕಾಟದ ಕೊನೆಯಲ್ಲಿ ಇಂಗು ತೆಂಗಿನವರ ಕೈಯ ಸೀಸೆ ಇದೆ.

ಹಡ್ಸನ್_ದಂಡೆ · ಗುರುವಾರ ಬೆಳಗ್ಗೆ 6.45

ನ್ಯೂಜೆರ್ಸಿಯಿಂದ. ನನಗೆ ದುರ್ಮಾಂಸದ ಜೊತೆ ಆಸ್ತಮಾ, ಮೇಲಾಗಿ ಆಸ್ಪಿರಿನ್, ಐಬುಪ್ರೊಫೆನ್ ನುಂಗಿದರೆ ಉಸಿರು ಕಟ್ಟುತ್ತದೆ. ಮೂರೂ ಒಟ್ಟಿಗೆ ಬರುವ ಕಾಯಿಲೆಯೇ ಇದೆಯಂತೆ. ನೋವಿನ ಮಾತ್ರೆಯ ನಂತರ ಮೂಗು ಸೋರುವ ಅನುಭವವಿರುವವರು ವೈದ್ಯರಿಗೆ ತಪ್ಪದೆ ಹೇಳಿ. ಮೂರು ಶಸ್ತ್ರಚಿಕಿತ್ಸೆಯಾಯಿತು, ಪ್ರತಿ ಬಾರಿಯೂ ಮತ್ತೆ ಬೆಳೆಯಿತು. ಈಗ ಎರಡು ವಾರಕ್ಕೊಮ್ಮೆ ಡುಪಿಲುಮ್ಯಾಬ್ 300 ಮಿಲಿಗ್ರಾಂ ಚುಚ್ಚಿಕೊಳ್ಳುತ್ತೇನೆ. ಇಲ್ಲಿ 2019ರಿಂದ ದುರ್ಮಾಂಸಕ್ಕೆ ಅನುಮತಿ ಇದೆ. ವೈದ್ಯರ ಹೋಲಿಕೆಯಲ್ಲಿ ಹೇಳುವುದಾದರೆ ಇದು ಮುದ್ರಣಾಲಯಕ್ಕೆ ಕೈ ಹಾಕುವುದಿಲ್ಲ. 4 ಮತ್ತು 13ನೆಯ ಪತ್ರಿಕೆ ಬೀಳುವ ಅಂಚೆಪೆಟ್ಟಿಗೆಗೆ ಬೀಗ ಹಾಕುತ್ತದೆ, ಅಷ್ಟೇ. ವಿಮೆ ಇಲ್ಲದಿದ್ದರೆ ಬೆಲೆ ಕೇಳಿ ಇನ್ನೊಂದು ಕಾಯಿಲೆ ಬರುತ್ತದೆ. ಸ್ಪ್ರೇ ಮಾತ್ರ ಇಂದಿಗೂ ಬಿಟ್ಟಿಲ್ಲ.

ಕಾಗದದ_ದೋಣಿ · ಗುರುವಾರ ಬೆಳಗ್ಗೆ 9.30

ಮೂರು ಶಸ್ತ್ರಚಿಕಿತ್ಸೆಯಾದ ಮೇಲೂ ಸ್ಪ್ರೇಯೇ? ಹಾಗಾದರೆ ಕೊಯ್ದದ್ದು ಏಕೆ?

ಕಿಮೂಗ_ವೈದ್ಯ · ಗುರುವಾರ ಮಧ್ಯಾಹ್ನ 2.00

ಚಾಕು ದಾರಿ ಬಿಡಿಸುತ್ತದೆ, ಪೊರೆಯ ಸ್ವಭಾವ ಬದಲಿಸುವುದಿಲ್ಲ. ಕಿಂಡಿಗಳು ಅಗಲವಾದ ಮೇಲೆ ಮದ್ದು ಮೊದಲ ಬಾರಿಗೆ ಸೈನಸ್ಸಿನ ಒಳಗೆ ನಿಜವಾಗಿ ಹೋಗುತ್ತದೆ. ಅನೇಕರಿಗೆ ಆಗ ಬುಡೆಸೊನೈಡ್ ದ್ರವವನ್ನು ಸುಮಾರು 240 ಮಿಲಿಲೀಟರ್ ಉಪ್ಪುನೀರಿಗೆ ಬೆರೆಸಿ ತೊಳೆಯಲು ಹೇಳುತ್ತೇವೆ. ಅದು ವೈದ್ಯರು ಹೇಳಿದರೆ ಮಾತ್ರ. ಶಸ್ತ್ರಚಿಕಿತ್ಸೆಯಾಯಿತೆಂದು ಮದ್ದು ಬಿಟ್ಟವರೇ ನನ್ನ ಬಳಿ ಎರಡನೆಯ ಸಲ ಬರುವುದು.

ಇಂಗು_ತೆಂಗು · ಹನ್ನೊಂದು ವಾರಗಳ ನಂತರ, ಭಾನುವಾರ ಸಂಜೆ 5.20

ಈ ಎಳೆಯನ್ನು ಮತ್ತೆ ಮೇಲೆ ತರುತ್ತಿದ್ದೇನೆ. ಬೆಳಗ್ಗೆ ರಾತ್ರಿ ಕುದಿಸಿ ಆರಿಸಿದ ಉಪ್ಪುನೀರು, ಹತ್ತು ನಿಮಿಷ ಬಿಟ್ಟು ಪಾದ ನೋಡುತ್ತಾ ಸ್ಪ್ರೇ. ಮೊದಲ ತಿಂಗಳು ಬರೀ ಹಟ. ಆರನೆಯ ವಾರದಲ್ಲಿ ಒಂದು ರಾತ್ರಿ ಬಾಯಿ ಮುಚ್ಚಿ ಮಲಗಿದ್ದೆ ಎಂದು ಮನೆಯವರು ಹೇಳಿದರು. ಎಡಗಡೆಯ ದುರ್ಮಾಂಸ ಚೆನ್ನಾಗಿ ಕುಗ್ಗಿದೆ, ಬಲಗಡೆಯದು ಹಟಮಾರಿ ಎಂದು ಮೊನ್ನೆ ನೋಡಿ ಹೇಳಿದರು. ಇನ್ನು ಮೂರು ತಿಂಗಳು ನೋಡಿ ಬಲಗಡೆಗೆ ಶಸ್ತ್ರಚಿಕಿತ್ಸೆ ಬೇಕೇ ಎಂದು ತೀರ್ಮಾನ. ಇಂಗಿನ ವಾಸನೆ ಬರುತ್ತದೆ, ಸುಟ್ಟ ವಾಸನೆ ಬರುತ್ತದೆ. ಮಲ್ಲಿಗೆ, ಕಾಫಿ ಇನ್ನೂ ಇಲ್ಲ. ನಡುವೆ ಒಮ್ಮೆ ಬಲ ಹೊಳ್ಳೆಯಿಂದ ರಕ್ತ ಬಂತು. ಅವಸರದಲ್ಲಿ ಬಲಗೈಯಲ್ಲೇ ಬಲಕ್ಕೆ ಒತ್ತಿದ್ದೆ, ತಪ್ಪು ನನ್ನದೇ.

ಔಷಧದಂಗಡಿಯವರಿಗೆ ಒಂದು ಪ್ರಶ್ನೆ. ಸೀಸೆಯ ಮೇಲೆ 120 ಒತ್ತು ಎಂದಿದೆ. ದಿನಕ್ಕೆ ಎಂಟರಂತೆ ಹದಿನೈದು ದಿನಕ್ಕೆ ಲೆಕ್ಕ ಮುಗಿಯುತ್ತದೆ, ಆದರೆ ಕುಲುಕಿದರೆ ಒಳಗೆ ಇನ್ನೂ ಮದ್ದು ಕೇಳಿಸುತ್ತದೆ. ಹದಿನೈದು ದಿನಕ್ಕೊಂದು ಸೀಸೆ ಕೊಳ್ಳುವುದು ಹಗುರವಲ್ಲ. ಉಳಿದದ್ದನ್ನು ಬಳಸಬಹುದೇ?

ಔಷಧದಂಗಡಿ · ಭಾನುವಾರ ರಾತ್ರಿ 8.45

ಬೇಡ. 120ರ ನಂತರ ಪ್ರತಿ ಒತ್ತಿಗೆ 50 ಮೈಕ್ರೋಗ್ರಾಂ ಬರುತ್ತದೆಂಬ ಖಾತರಿ ಇರುವುದಿಲ್ಲ, ಒಮ್ಮೆ ಬರೀ ನೀರು, ಒಮ್ಮೆ ಅರ್ಧ. ಸೀಸೆ ತೆರೆದ ದಿನಾಂಕವನ್ನು ಅದರ ಮೇಲೆಯೇ ಬರೆದಿಡಿ. ಎಡಗಡೆ ಇಷ್ಟು ಕುಗ್ಗಿದೆ ಎಂದರೆ ಮುಂದಿನ ಭೇಟಿಯಲ್ಲಿ ದಿನಕ್ಕೆ ಒಂದು ಹೊತ್ತಿಗೆ ಇಳಿಸಬಹುದೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಅವರು ಒಪ್ಪಿದರೆ ಒಂದು ಸೀಸೆ ಒಂದು ತಿಂಗಳು ಬರುತ್ತದೆ. ಬೇರೆ ಕಂಪನಿಯ ಅದೇ ಮೊಮೆಟಾಸೋನ್ ಕಡಿಮೆ ಬೆಲೆಗೆ ಸಿಗುತ್ತದೆ, ನಾಳೆ ಅಂಗಡಿಯಲ್ಲಿ ಕಂಪನಿಯ ಹೆಸರು ಹೇಳದೆ ಮದ್ದಿನ ಹೆಸರನ್ನೇ ಹೇಳಿ ಕೇಳಿ ನೋಡಿ.